ಎಷ್ಟನೆಯ ಮಗುವಿಗೆ ಹಲ್ಲಿನ ಪೆಟ್ಟು ಹೆಚ್ಚು? ಓದುಗರ ಪ್ರಶ್ನೆ, ದಂತ ತಜ್ಞರ ಉತ್ತರ

ಪ್ರಶ್ನೆ: ನಮಗೆ ಮೂವರು ಮಕ್ಕಳು. ದೊಡ್ಡವಳಿಗೆ ಹತ್ತು ವರ್ಷ, ಇದುವರೆಗೆ ಹಲ್ಲಿಗೆ ಒಂದು ಪೆಟ್ಟೂ ಆಗಿಲ್ಲ. ಎರಡನೆಯವನು ಏಳನೇ ವರ್ಷದಲ್ಲಿ, ಆಗಷ್ಟೇ ಬಂದಿದ್ದ ಬಾಚಿಹಲ್ಲಿನ ಮೂಲೆ ಮುರಿದುಕೊಂಡ. ಕೊನೆಯವನು ಒಂದೂವರೆ ವರ್ಷಕ್ಕೇ ಬಿದ್ದು ಮುಂದಿನ ಹಲ್ಲು ಅಲುಗಾಡುವಂತಾಯಿತು. 'ಮೊದಲನೆಯದನ್ನು ಕಣ್ಣಲ್ಲಿ ಕಣ್ಣಿಟ್ಟು ಸಾಕಿದಿರಿ, ಉಳಿದವರ ಮೇಲೆ ಗಮನವೇ ಇಲ್ಲ' ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಹುಟ್ಟಿದ ಕ್ರಮಕ್ಕೂ ಹಲ್ಲಿನ ಪೆಟ್ಟಿಗೂ ನಿಜಕ್ಕೂ ಸಂಬಂಧವಿದೆಯೇ?

ಉತ್ತರ: ಇದೆ, ಆದರೆ ನೇರವಾಗಿ ಅಲ್ಲ. ಎಷ್ಟನೆಯ ಮಗು ಎನ್ನುವುದರಿಂದ ಹಲ್ಲಿನ ಗಟ್ಟಿತನ ಬದಲಾಗುವುದಿಲ್ಲ. ಬದಲಾಗುವುದು ಮಗುವಿನ ಸುತ್ತಲಿನ ಪರಿಸ್ಥಿತಿ: ಪಕ್ಕದಲ್ಲಿ ಯಾರು ಆಡುತ್ತಿರುತ್ತಾರೆ, ಯಾರು ನೋಡಿಕೊಳ್ಳುತ್ತಿರುತ್ತಾರೆ, ಕೈಗೆ ಯಾವ ವಯಸ್ಸಿನ ಆಟಿಕೆ ಸಿಗುತ್ತದೆ, ಕಾಲಲ್ಲಿರುವುದು ಯಾರ ಚಪ್ಪಲಿ. ಮಕ್ಕಳ ಅಪಘಾತಗಳನ್ನು ಒಟ್ಟಾರೆಯಾಗಿ ನೋಡಿದ ದೊಡ್ಡ ಅಧ್ಯಯನಗಳಲ್ಲಿ, ಒಡಹುಟ್ಟಿದವರು ಹೆಚ್ಚಿರುವ ಮನೆಯ ಮಕ್ಕಳಿಗೆ ಗಾಯಗಳೂ ಹೆಚ್ಚು ಎಂಬುದು ಕಂಡುಬಂದಿದೆ. ಹಲ್ಲಿನ ಪೆಟ್ಟನ್ನು ಮಾತ್ರ ತೆಗೆದುಕೊಂಡರೆ ಅಧ್ಯಯನಗಳ ಫಲಿತಾಂಶ ಒಂದೇ ತೆರನಾಗಿಲ್ಲ. ಕೆಲವದರಲ್ಲಿ ಕ್ರಮದ ಪ್ರಭಾವ ಕಾಣುತ್ತದೆ, ಕೆಲವದರಲ್ಲಿ ಕಾಣುವುದಿಲ್ಲ.

ಹೀಗಾಗುವುದಕ್ಕೆ ಲೆಕ್ಕ ಹಾಕುವ ರೀತಿಯೂ ಒಂದು ಕಾರಣ. 'ಇದುವರೆಗೆ ಎಷ್ಟು ಪೆಟ್ಟು' ಎಂದು ಕೇಳಿದರೆ ಹತ್ತು ವರ್ಷದವಳಿಗೆ ಬೀಳಲು ಹತ್ತು ವರ್ಷ ಸಿಕ್ಕಿದೆ, ಮೂರು ವರ್ಷದವನಿಗೆ ಮೂರೇ ವರ್ಷ. ಆದ್ದರಿಂದ ಮೂವರನ್ನೂ ಒಂದೇ ವಯಸ್ಸಿಗೆ ನಿಲ್ಲಿಸಿ ಹೋಲಿಸಬೇಕು. ಚೊಚ್ಚಲ ಮಗು ಮುಗ್ಗರಿಸಿ ತುಟಿ ಸೀಳಿಕೊಂಡರೂ ತಂದೆತಾಯಿ ಆಸ್ಪತ್ರೆಗೆ ಓಡುತ್ತಾರೆ, ದಾಖಲೆಯಾಗುತ್ತದೆ. ಮೂರನೆಯದಕ್ಕೆ ಅದೇ ಗಾಯವಾದರೆ ತಣ್ಣೀರಿನ ಬಟ್ಟೆ ಒತ್ತಿ ಸುಮ್ಮನಾಗುತ್ತಾರೆ. ಚೊಚ್ಚಲ ಮಗುವಿನ ಬೀಳುವಿಕೆಗಳು ನೆನಪಿನಲ್ಲಿ ಉಳಿಯುವುದೂ ಹೆಚ್ಚು. ಇನ್ನೊಂದು ತೊಡಕು ಎಂದರೆ, ನಾಲ್ಕನೆಯ ಮಗು ಇರುವುದು ನಾಲ್ಕು ಮಕ್ಕಳಿರುವ ಮನೆಯಲ್ಲಿ ಮಾತ್ರ. ಅದಕ್ಕಾದ ಗಾಯಕ್ಕೆ ಹುಟ್ಟಿದ ಕ್ರಮ ಕಾರಣವೋ, ಮನೆಯ ಇಕ್ಕಟ್ಟು ಕಾರಣವೋ, ದೊಡ್ಡವರ ಕೈಗೆ ಬಿಡುವಿಲ್ಲದಿರುವುದು ಕಾರಣವೋ ಎಂದು ಬೇರ್ಪಡಿಸುವುದು ಸುಲಭವಲ್ಲ.

ಹಾಗಾಗಿ 'ಎಷ್ಟನೆಯ ಮಗು' ಎನ್ನುವುದಕ್ಕಿಂತ 'ಪೆಟ್ಟು ಹೇಗೆ ಬೀಳುತ್ತದೆ' ಎಂದು ನೋಡಿದರೆ ಮನೆಯಲ್ಲಿ ಏನು ಬದಲಿಸಬೇಕು ಎಂಬುದು ತಿಳಿಯುತ್ತದೆ.

ಒಂದು ವರ್ಷದ ಮಗುವಿನ ಎತ್ತರ ಸುಮಾರು 75 ಸೆಂ.ಮೀ. ದೇಹಕ್ಕೆ ಹೋಲಿಸಿದರೆ ತಲೆ ಭಾರ, ಬೀಳುವಾಗ ಕೈ ಮುಂದಕ್ಕೆ ಬರುವುದು ನಿಧಾನ. ಮಗು ಮುಗ್ಗರಿಸಿದಾಗ ಬಾಯಿ ನೇರವಾಗಿ ಹೋಗಿ ತಗಲುವುದು ಗಿಡ್ಡ ಮೇಜಿನ ಅಂಚಿಗೆ, ಮಂಚದ ಪಟ್ಟಿಗೆ, ಮೆಟ್ಟಿಲಿಗೆ. ಮನೆಯಲ್ಲಿ ಮೂರು ನಾಲ್ಕು ವರ್ಷದ ಅಣ್ಣನೋ ಅಕ್ಕನೋ ಇದ್ದರೆ ಇದಕ್ಕೆ ಇನ್ನೂ ಎರಡು ಸೇರುತ್ತವೆ. ಒಂದು, ಢಿಕ್ಕಿ: ದೊಡ್ಡ ಮಗು ಬಗ್ಗಿದ್ದು ಎದ್ದೇಳುವಾಗ ಅದರ ನೆತ್ತಿ ಚಿಕ್ಕದರ ಮೇಲಿನ ಬಾಚಿಹಲ್ಲಿಗೆ ಕೆಳಗಿನಿಂದ ಬಡಿಯುತ್ತದೆ. ಎರಡು, ಅನುಕರಣೆ: ದೊಡ್ಡದು ಸೋಫಾದಿಂದ ಜಿಗಿಯುತ್ತದೆ, ಚಿಕ್ಕದು ಅದನ್ನೇ ಮಾಡಲು ಹೋಗುತ್ತದೆ, ಆದರೆ ಅದರ ಕಾಲಿಗೆ ಆ ಹಿಡಿತ ಇನ್ನೂ ಬಂದಿರುವುದಿಲ್ಲ. ವಯಸ್ಸಿನ ಅಂತರ ಕಡಿಮೆ ಇದ್ದಷ್ಟೂ ಇಬ್ಬರೂ ಒಂದೇ ಜಾಗದಲ್ಲಿ, ಒಂದೇ ಆಟದಲ್ಲಿ ಇರುತ್ತಾರೆ ಎಂಬುದನ್ನು ಮರೆಯಬೇಡಿ.

ದೊಡ್ಡ ಮಗುವಿಗೂ ಅಪಾಯ ಇಲ್ಲದಿಲ್ಲ. ಆರೇಳು ವರ್ಷದವಳು ತಮ್ಮನನ್ನು ಎತ್ತಿಕೊಂಡಾಗ ಅವನು ತಲೆಯನ್ನು ಹಿಂದಕ್ಕೆ ಎಸೆದರೆ, ತಗಲುವುದು ಅವಳ ಹೊಸ ಬಾಚಿಹಲ್ಲಿಗೆ. ಅವು ಶಾಶ್ವತ ಹಲ್ಲುಗಳು. ಚಿಕ್ಕವನನ್ನು ನೋಡಿಕೊಳ್ಳುವ ಕೆಲಸ ಅವಳಿಗೆ ಒಪ್ಪಿಸಿದರೆ ಇಬ್ಬರ ಹಲ್ಲನ್ನೂ ಅಪಾಯಕ್ಕೆ ಒಡ್ಡಿದಂತೆ. ಎತ್ತಿಕೊಳ್ಳಲೇಬೇಕೆಂದರೆ ನೆಲದ ಮೇಲೆ ಕುಳಿತು ತೊಡೆಯ ಮೇಲೆ ಕೂರಿಸಿಕೊಳ್ಳಲಿ.

ಇನ್ನು ಎರಡನೆಯ, ಮೂರನೆಯ ಮಕ್ಕಳಿಗೆ ಬರುವ ಬಳಸಿದ ವಸ್ತುಗಳು. ಒಂದು ಅಳತೆ ದೊಡ್ಡದಾದ ಚಪ್ಪಲಿ, ಕಾಲು ನೆಲ ಮುಟ್ಟದ ಸೈಕಲ್, ಸಡಿಲವಾದ ಹೆಲ್ಮೆಟ್: ಮೂರೂ ಮುಖ ಅಡಿಯಾಗಿ ಬೀಳಿಸುತ್ತವೆ ಅಥವಾ ಬಿದ್ದಾಗ ಕಾಯುವುದಿಲ್ಲ. ಸೀಟಿನ ಮೇಲೆ ಕುಳಿತಾಗ ಎರಡೂ ಪಾದ ನೆಲಕ್ಕೆ ತಾಗದ ಸೈಕಲ್ಲನ್ನು ಕಲಿಯುವ ಮಗುವಿಗೆ ಕೊಡಬೇಡಿ. ಚಕ್ರವಿರುವ ವಾಕರ್ ಅಟ್ಟದ ಮೇಲಿದ್ದರೆ ಅಲ್ಲಿಂದ ಇಳಿಸಲೇಬೇಡಿ. ಮೆಟ್ಟಿಲಿನಿಂದ ಉರುಳಿ ತಲೆಗೆ, ಬಾಯಿಗೆ ಆಗುವ ಪೆಟ್ಟಿನ ಕಾರಣಕ್ಕೆ ಕೆನಡಾ ದೇಶ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿದೆ. ಹಾಗೆಯೇ ಬ್ರಷ್ಷು, ಚಮಚ, ಪೀಪಿ ಬಾಯಲ್ಲಿಟ್ಟುಕೊಂಡು ಓಡುವ ಅಭ್ಯಾಸ. ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಓಡುವ ಮನೆಗಳಲ್ಲಿ ಇದು ಅಂಗುಳಿಗೇ ಗಾಯ ಮಾಡುತ್ತದೆ. ಹಲ್ಲುಜ್ಜುವಾಗ ಒದ್ದೆ ನೆಲದಲ್ಲಿ ಮೂವರನ್ನೂ ಒಟ್ಟಿಗೆ ನಿಲ್ಲಿಸುವ ಬದಲು ಒಬ್ಬೊಬ್ಬರನ್ನಾಗಿ ಕಳಿಸಿ.

ಕ್ರಮಕ್ಕಿಂತ ಬಹಳ ಬಲವಾದ ಅಂಶವೊಂದಿದೆ. ಅದು ಉಬ್ಬುಹಲ್ಲು. ಮೇಲಿನ ಬಾಚಿಹಲ್ಲು ಕೆಳಗಿನದಕ್ಕಿಂತ 3 ಮಿ.ಮೀ.ಗಿಂತ ಹೆಚ್ಚು ಮುಂದಕ್ಕೆ ಚಾಚಿದ್ದರೆ ಪೆಟ್ಟಿನ ಅಪಾಯ ಸುಮಾರು ಎರಡು ಪಟ್ಟು ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಲ್ಲಿ ಗೊತ್ತಾಗಿದೆ. ಸುಮ್ಮನಿದ್ದಾಗ ಮೇಲ್ತುಟಿ ಹಲ್ಲನ್ನು ಮುಚ್ಚದಿದ್ದರೆ ಪೆಟ್ಟನ್ನು ಮೊದಲು ಹೀರಿಕೊಳ್ಳುವ ಮೆತ್ತೆಯೇ ಇಲ್ಲದಂತೆ. ಶಾಶ್ವತ ಹಲ್ಲು ಬಂದ ಮೇಲೆ ಹುಡುಗಿಯರಿಗಿಂತ ಹುಡುಗರಿಗೆ ಪೆಟ್ಟು ಹೆಚ್ಚು. ಒಮ್ಮೆ ಪೆಟ್ಟು ತಿಂದ ಮಗು ಮತ್ತೆ ತಿನ್ನುವ ಸಂಭವವೂ ಹೆಚ್ಚು. ನಿಮ್ಮ ಮೂವರಲ್ಲಿ ನಾವು ಮೊದಲು ನೋಡಬಯಸುವುದು ಎರಡನೆಯವನನ್ನು, ಈ ಕಾರಣಕ್ಕೇ.

ಮನೆಯವರ ಮಾತಿಗೆ ಬಂದರೆ, ನಿಮ್ಮನ್ನು ನೀವು ದೂರಿಕೊಳ್ಳಬೇಕಿಲ್ಲ. ಜಗತ್ತಿನಾದ್ಯಂತದ ಅಂಕಿಅಂಶಗಳನ್ನು ಒಟ್ಟುಗೂಡಿಸಿದಾಗ ಹಾಲುಹಲ್ಲಿನ ಪೆಟ್ಟು ಶೇ 22.7ರಷ್ಟು ಮಕ್ಕಳಲ್ಲಿ, ಶಾಶ್ವತ ಹಲ್ಲಿನ ಪೆಟ್ಟು ಶೇ 15.2ರಷ್ಟು ಜನರಲ್ಲಿ ಕಂಡಿದೆ. ಮೂವರು ಮಕ್ಕಳಿರುವ ಮನೆಯಲ್ಲಿ ಒಬ್ಬರಿಗಾದರೂ ಆಗುವುದು ಅಚ್ಚರಿಯ ವಿಷಯವಲ್ಲ.

ಪ್ರಶ್ನೆ: ಎರಡು ವರ್ಷದ ಮಗಳಿಗೆ ಅವಳ ಅಣ್ಣನ ತಲೆ ಬಡಿದು ಮೇಲಿನ ಒಂದು ಬಾಚಿಹಲ್ಲು ಬಹುಪಾಲು ಒಸಡಿನೊಳಗೆ ಹೋಗಿಬಿಟ್ಟಿದೆ. ತುದಿ ಮಾತ್ರ ಕಾಣುತ್ತದೆ. ಹೇಗೂ ಬಿದ್ದುಹೋಗುವ ಹಾಲುಹಲ್ಲು, ಸುಮ್ಮನಿರಬಹುದೇ? ಅಥವಾ ಕಿತ್ತುಹಾಕಿಸಬೇಕೇ?

ಉತ್ತರ: ಎರಡೂ ಬೇಡ. ವೈದ್ಯರಿಗೆ ತೋರಿಸಿ, ಆದರೆ ಕೀಳಿಸಲು ಆತುರಪಡಬೇಡಿ.

ಚಿಕ್ಕ ಮಕ್ಕಳ ದವಡೆಯ ಮೂಳೆ ಮೆದು. ಆದ್ದರಿಂದ ಹಾಲುಹಲ್ಲು ಮುರಿಯುವುದಕ್ಕಿಂತ ಜರುಗುವುದು, ಒಳಗೆ ಕುಸಿಯುವುದು ಹೆಚ್ಚು. ಹೀಗೆ ಒಳಗೆ ಹೋದ ಹಾಲುಹಲ್ಲು ಸಾಮಾನ್ಯವಾಗಿ 6 ತಿಂಗಳೊಳಗೆ ತಾನಾಗಿ ಇಳಿದು ಬರುತ್ತದೆ. ಕೆಲವೊಮ್ಮೆ ಒಂದು ವರ್ಷ ಹಿಡಿಯುತ್ತದೆ. ಇಂಟರ್‌ನ್ಯಾಷನಲ್ ಅಸೋಸಿಯೇಷನ್ ಆಫ್ ಡೆಂಟಲ್ ಟ್ರಾಮಟಾಲಜಿ ಎಂಬ, ಹಲ್ಲಿನ ಪೆಟ್ಟಿನ ತಜ್ಞರ ಅಂತರರಾಷ್ಟ್ರೀಯ ಸಂಘದ 2020ರ ಮಾರ್ಗಸೂಚಿ ಹೇಳುವುದೂ ಇದನ್ನೇ: ಹಲ್ಲು ಯಾವ ದಿಕ್ಕಿಗೆ ಸರಿದಿದ್ದರೂ ತಾನಾಗಿ ಬರಲು ಬಿಡಿ.

ತೋರಿಸಲೇಬೇಕಾದ ಕಾರಣ ಹಾಲುಹಲ್ಲಲ್ಲ, ಅದರ ಬೇರಿನ ಹಿಂದೆಯೇ ರೂಪುಗೊಳ್ಳುತ್ತಿರುವ ಶಾಶ್ವತ ಹಲ್ಲಿನ ಮೊಳಕೆ. ಮೇಲಿನ ನಡುವಿನ ಬಾಚಿಹಲ್ಲಿನ ಗೋಚರ ಭಾಗ ಗಟ್ಟಿಯಾಗಲು ಆರಂಭಿಸುವುದು ಮೂರ್ನಾಲ್ಕು ತಿಂಗಳ ವಯಸ್ಸಿನಲ್ಲಿ, ಮುಗಿಯುವುದು ನಾಲ್ಕೈದನೇ ವರ್ಷಕ್ಕೆ. ಎರಡನೇ ವರ್ಷದಲ್ಲಿ ಬೇರಿನ ತುದಿ ಅದಕ್ಕೆ ಚುಚ್ಚಿದರೆ, ಏಳನೇ ವರ್ಷದಲ್ಲಿ ಬರುವ ಹೊಸ ಹಲ್ಲಿನ ಮೇಲೆ ಬಿಳಿ ಅಥವಾ ಕಂದು ಕಲೆ, ಎನಾಮೆಲ್ ಇಲ್ಲದ ತಗ್ಗು, ಕೆಲವೊಮ್ಮೆ ಬಾಗಿದ ಹಲ್ಲು ಕಾಣಬಹುದು. ಎಕ್ಸ್-ರೇಯಲ್ಲಿ ವೈದ್ಯರು ನೋಡುವುದು ಇದನ್ನು: ಒಳಗೆ ಹೋದ ಹಲ್ಲು ಪಕ್ಕದ ಜೋಡಿ ಹಲ್ಲಿಗಿಂತ ಗಿಡ್ಡವಾಗಿ, ಬೇರಿನ ತುದಿ ಸ್ಪಷ್ಟವಾಗಿ ಕಂಡರೆ ಬೇರು ತುಟಿಯ ಕಡೆಗೆ ಸರಿದಿದೆ. ಉದ್ದವಾಗಿ, ತುದಿ ಕಾಣದಂತಿದ್ದರೆ ಬೇರು ಮೊಳಕೆಯ ಕಡೆಗೆ ಹೋಗಿದೆ. ಆಗ ಹೆಚ್ಚು ಎಚ್ಚರ ಬೇಕು.

ಮನೆಯಲ್ಲಿ ಮಾಡಬೇಕಾದದ್ದು ಮುಖ್ಯವಾಗಿ ಶುಚಿತ್ವ. ನೋವೆಂದು ಉಜ್ಜದೆ ಬಿಟ್ಟರೆ ಗಾಯದ ಅಂಚಿನಲ್ಲಿ ಕೊಳೆ ಕೂತು ಒಸಡು ಮಾಯುವುದಿಲ್ಲ. ಮೆತ್ತನೆಯ ಬ್ರಷ್ ಅಥವಾ ಹತ್ತಿಯ ಕಡ್ಡಿಯಿಂದ, ಆಲ್ಕೋಹಾಲ್ ಇಲ್ಲದ ಶೇ 0.1ರಿಂದ 0.2ರ ಕ್ಲೋರ್‌ಹೆಕ್ಸಿಡಿನ್ ಎಂಬ ರೋಗಾಣುನಾಶಕ ದ್ರಾವಣವನ್ನು ದಿನಕ್ಕೆ ಎರಡು ಸಲ, ಒಂದು ವಾರ ಆ ಜಾಗಕ್ಕೆ ಹಚ್ಚಿ. ಎರಡು ವರ್ಷದ ಮಗುವಿಗೆ ಬಾಯಿ ಮುಕ್ಕಳಿಸಲು ಬರುವುದಿಲ್ಲ, ಆದ್ದರಿಂದ ಹಚ್ಚುವುದೇ ಸರಿ. ಮೆತ್ತನೆಯ ಆಹಾರ ಕೊಡಿ, ನಿಪ್ಪಲ್ ಚೀಪಿಸುವುದನ್ನು ನಿಲ್ಲಿಸಿ. ತಪಾಸಣೆ ಒಂದು ವಾರಕ್ಕೆ, 6ರಿಂದ 8 ವಾರಕ್ಕೆ, 6 ತಿಂಗಳಿಗೆ, ಒಂದು ವರ್ಷಕ್ಕೆ. ಪೆಟ್ಟು ಜೋರಾಗಿದ್ದರೆ ಆರನೇ ವರ್ಷದಲ್ಲಿ ಇನ್ನೊಮ್ಮೆ, ಶಾಶ್ವತ ಹಲ್ಲು ಹೇಗೆ ಇಳಿಯುತ್ತಿದೆ ಎಂದು ನೋಡಲು.

ಒಸಡಿನ ಮೇಲೆ ಕೀವಿನ ಗುಳ್ಳೆ, ಹೆಚ್ಚುತ್ತಿರುವ ಊತ ಅಥವಾ ಜ್ವರ ಕಂಡರೆ ಈ ದಿನಾಂಕಗಳಿಗೆ ಕಾಯಬಾರದು.

ಪ್ರಶ್ನೆ: ಮೂರು ತಿಂಗಳ ಹಿಂದೆ ಬಿದ್ದಿದ್ದ ನಾಲ್ಕು ವರ್ಷದ ಮಗನ ಹಾಲುಹಲ್ಲು ಬೂದು ಬಣ್ಣಕ್ಕೆ ತಿರುಗಿದೆ. ನೋವಿಲ್ಲ. ರೂಟ್ ಕೆನಾಲ್ ಬೇಕೇ?

ಉತ್ತರ: ಬಣ್ಣವೊಂದೇ ಕಾರಣವಾಗಿ ಬೇಡ. ಹಲ್ಲಿನೊಳಗಿನ ರಕ್ತಸ್ರಾವದಿಂದ ಬಂದ ಬೂದು ಬಣ್ಣ ಕೆಲವು ಮಕ್ಕಳಲ್ಲಿ ತಿಂಗಳುಗಳಲ್ಲಿ ತಿಳಿಯಾಗುತ್ತದೆ. ಹಳದಿಗೆ ತಿರುಗಿದರೆ ಒಳಗಿನ ನಾಳ ಮುಚ್ಚಿಕೊಳ್ಳುತ್ತಿದೆ ಎಂದರ್ಥ, ಅದಕ್ಕೂ ಚಿಕಿತ್ಸೆ ಬೇಕಿಲ್ಲ. ಸೋಂಕಿನ ಗುರುತು ಇದ್ದರೆ ಮಾತ್ರ ಚಿಕಿತ್ಸೆ: ಒಸಡಿನ ಗುಳ್ಳೆ, ಊತ, ಮತ್ತೆ ಹೆಚ್ಚಿದ ಅಲುಗಾಟ. ವಾರಕ್ಕೊಮ್ಮೆ ತುಟಿ ಎತ್ತಿ ನೋಡುತ್ತಿರಿ.

ಪ್ರಶ್ನೆ: ನಮ್ಮ ಹಿರಿಯ ಮಗ ಎಂಟು ವರ್ಷದವನು, ಒಂದು ಕ್ಷಣ ಸುಮ್ಮನಿರುವವನಲ್ಲ. ಹಲ್ಲು ಬುಡಸಮೇತ ಕಿತ್ತು ಬಂದರೆ ಮತ್ತೆ ಕೂರಿಸಬಹುದು ಎಂದು ಕೇಳಿದ್ದೇವೆ. ದಂತ ವೈದ್ಯರನ್ನು ತಲುಪುವ ಮುನ್ನ ನಾವು ಏನು ಮಾಡಬೇಕು?

ಉತ್ತರ: ನೀವು ಮಾಡುವುದೇ ಇಲ್ಲಿ ಚಿಕಿತ್ಸೆ. ಆ ಹಲ್ಲಿನ ಗತಿ ಬಹುಪಾಲು ನಿರ್ಧಾರವಾಗುವುದು ಬಿದ್ದ ಜಾಗದಲ್ಲಿ, ಮೊದಲ ಕೆಲವು ನಿಮಿಷಗಳಲ್ಲಿ.

ಬೇರಿನ ಮೇಲೆ ತೆಳುವಾದ ಜೀವಂತ ಪದರವಿದೆ. ಹಲ್ಲನ್ನು ಮೂಳೆಗೆ ಹಿಡಿದಿಡುವುದು ಅದೇ. ಗಾಳಿಗೆ ಒಣಗಿದರೆ ಅದರ ಕೋಶಗಳು ಸಾಯುತ್ತವೆ. ಸುಮಾರು 15 ನಿಮಿಷದೊಳಗೆ ಹಲ್ಲು ಮರಳಿ ಕೂತರೆ ಕೋಶಗಳು ಉಳಿಯುವ ಸಂಭವ ಹೆಚ್ಚು. ಒಂದು ಗಂಟೆ ಒಣಗಿಯೇ ಇದ್ದರೆ ಉಳಿಯುವುದಿಲ್ಲ. ಆಮೇಲೆ ಕೂರಿಸಿದ ಹಲ್ಲು ಮೂಳೆಗೆ ಅಂಟಿ, ವರ್ಷಗಳಲ್ಲಿ ಬೇರು ಕರಗುತ್ತಾ ಹೋಗುತ್ತದೆ. ಕಾಗದದಲ್ಲೋ ಕರವಸ್ತ್ರದಲ್ಲೋ ಹಲ್ಲು ಸುತ್ತಿಕೊಂಡು ಬರುವುದು ಅತಿ ಸಾಮಾನ್ಯ ತಪ್ಪು, ಅತಿ ದುಬಾರಿಯ ತಪ್ಪೂ ಅದೇ.

ಮೊದಲು ಮಗುವನ್ನು ನೋಡಿ, ಆಮೇಲೆ ಹಲ್ಲನ್ನು. ಪ್ರಜ್ಞೆ ತಪ್ಪಿದ್ದರೆ, ವಾಂತಿ ಮಾಡುತ್ತಿದ್ದರೆ, ಮಂಕಾಗಿದ್ದರೆ, ಕಿವಿ ಮೂಗಿನಿಂದ ತಿಳಿನೀರು ಬರುತ್ತಿದ್ದರೆ ಅದು ತಲೆಯ ಪೆಟ್ಟು. ನೇರ ಆಸ್ಪತ್ರೆಗೆ ಹೊರಡಿ. ಅಂಥದ್ದೇನೂ ಇಲ್ಲದಿದ್ದರೆ ಹಲ್ಲು ಹುಡುಕಿ. ಹೊಳೆಯುವ ಬಿಳಿ ಭಾಗವನ್ನು ಮಾತ್ರ ಹಿಡಿಯಿರಿ, ಬೇರನ್ನು ಮುಟ್ಟಬೇಡಿ. ಮಣ್ಣು ಹತ್ತಿದ್ದರೆ ಹಾಲಿನಲ್ಲೋ ಸಲೈನ್‌ನಲ್ಲೋ ಮಗುವಿನ ಎಂಜಲಿನಲ್ಲೋ ಮೆಲ್ಲಗೆ ತೊಳೆಯಿರಿ. ಯಾವುದೂ ಕೈಗೆ ಸಿಗದಿದ್ದರೆ ಹರಿಯುವ ತಣ್ಣೀರಿನ ಕೆಳಗೆ ಕೆಲವೇ ಸೆಕೆಂಡು ಹಿಡಿಯಿರಿ. ಉಜ್ಜಬಾರದು, ಸೋಪು ಅಥವಾ ಔಷಧ ಹಾಕಬಾರದು.

ನಂತರ ಅಲ್ಲೇ ಕೂರಿಸಿ. ಉಬ್ಬಿದ ನುಣುಪು ಮೈ ತುಟಿಯ ಕಡೆಗೆ, ತಗ್ಗಿರುವ ಮೈ ನಾಲಿಗೆಯ ಕಡೆಗೆ. ಬೇರನ್ನು ಗುಂಡಿಗೆ ತಂದು ಬೆರಳಿನಿಂದ ನಿಧಾನವಾಗಿ ಒತ್ತಿ, ಪಕ್ಕದ ಹಲ್ಲಿನ ಮಟ್ಟಕ್ಕೆ ಬರಲಿ. ಮಡಚಿದ ಶುಭ್ರ ಬಟ್ಟೆಯನ್ನು ಕಚ್ಚಿ ಹಿಡಿಯಲು ಹೇಳಿ, ಹೊರಡಿ. ಸ್ವಲ್ಪ ಓರೆಯಾದರೂ ಚಿಂತೆಯಿಲ್ಲ, ವೈದ್ಯರು ಸರಿಪಡಿಸುತ್ತಾರೆ.

ಧೈರ್ಯ ಬರದಿದ್ದರೆ, ಅಥವಾ ಮಗು ಬಿಡದಿದ್ದರೆ, ಹಲ್ಲನ್ನು ಹಾಲಿನಲ್ಲಿ ಮುಳುಗಿಸಿ ತನ್ನಿ. ಹಾಲಿಲ್ಲದಿದ್ದರೆ ಲೋಟಕ್ಕೆ ಮಗುವಿನ ಎಂಜಲು ಉಗುಳಿಸಿ ಅದರಲ್ಲಿಡಿ, ಅದೂ ಆಗದಿದ್ದರೆ ಸಲೈನ್. ನೀರು ಒಳ್ಳೆಯ ಆಯ್ಕೆಯಲ್ಲ, ಏಕೆಂದರೆ ಅದು ಬೇರಿನ ಕೋಶಗಳೊಳಗೆ ನುಗ್ಗಿ ಅವನ್ನು ಒಡೆಯುತ್ತದೆ. ಆದರೂ ಒಣಗಲು ಬಿಡುವುದಕ್ಕಿಂತ ನೀರೇ ಮೇಲು. ಎಂಟು ವರ್ಷದವನ ಕೆನ್ನೆಯೊಳಗೆ ಹಲ್ಲು ಇಟ್ಟುಕೊಂಡು ಬರಲು ಹೇಳಬೇಡಿ, ನುಂಗಿಬಿಡಬಹುದು.

ವೈದ್ಯರು ಪಕ್ಕದ ಹಲ್ಲುಗಳಿಗೆ ತೆಳುವಾದ, ಬಾಗುವ ತಂತಿಯನ್ನು ಅಂಟಿಸಿ ಎರಡು ವಾರ ಇಡುತ್ತಾರೆ. ಆ್ಯಂಟಿಬಯಾಟಿಕ್ ಕೊಡುತ್ತಾರೆ, ಧನುರ್ವಾಯು ಚುಚ್ಚುಮದ್ದು ಬಾಕಿಯಿದೆಯೇ ಎಂದು ಕೇಳುತ್ತಾರೆ. ಲಸಿಕೆಯ ಕಾರ್ಡ್ ಜೊತೆಗಿರಲಿ. ಎಂಟು ವರ್ಷದವನಾದರೆ ಒಂದು ಅನುಕೂಲವಿದೆ. ಹಲ್ಲು ಹೊರಬಂದ ಮೇಲೆ ಬೇರು ಪೂರ್ತಿಯಾಗಲು ಸುಮಾರು ಮೂರು ವರ್ಷ ಬೇಕು, ಹಾಗಾಗಿ ಅವನ ಬೇರಿನ ತುದಿ ಇನ್ನೂ ತೆರೆದಿರುತ್ತದೆ ಮತ್ತು ಅದರ ಮೂಲಕ ರಕ್ತಸಂಚಾರ ಮರಳುವ ಸಾಧ್ಯತೆ ಇರುತ್ತದೆ. ಬೇರು ಬೆಳೆದು ಮುಗಿದವರಿಗೆ ಎರಡು ವಾರದೊಳಗೆ ರೂಟ್ ಕೆನಾಲ್ ಆರಂಭಿಸಲೇಬೇಕು.

ಒಂದು ಎಚ್ಚರಿಕೆ, ಅದರಲ್ಲೂ ಒಂದಕ್ಕಿಂತ ಹೆಚ್ಚು ಮಕ್ಕಳಿರುವ ಮನೆಗೆ: ಬಿದ್ದ ಹಲ್ಲು ಚಿಕ್ಕ ಮಗುವಿನ ಹಾಲುಹಲ್ಲಾದರೆ ಮರಳಿ ಕೂರಿಸಬಾರದು. ಕೆಳಗಿನ ಮೊಳಕೆಗೆ ಹಾನಿಯಾಗುತ್ತದೆ. ಆರು ವರ್ಷದೊಳಗಿನ ಮಗುವಿನ ಮೇಲಿನ ಬಾಚಿಹಲ್ಲು ಬಹುತೇಕ ಹಾಲುಹಲ್ಲೇ. ಚಿಕ್ಕದು, ಹೆಚ್ಚು ಬಿಳುಪು. ಶಾಶ್ವತ ಹಲ್ಲು ಅಗಲ, ತುಸು ಹಳದಿ, ಹೊಸದಾಗಿದ್ದರೆ ಅಂಚು ಗರಗಸದಂತೆ ಅಲೆಅಲೆ. ಹಲ್ಲು ಸಿಗದೇ ಹೋದರೆ 'ಎಲ್ಲೋ ಬಿದ್ದಿದೆ' ಎಂದು ಬಿಡಬೇಡಿ. ಅದು ಒಸಡಿನೊಳಗೆ ಹೋಗಿರಬಹುದು. ಮಗು ಬಿಡದೆ ಕೆಮ್ಮುತ್ತಿದ್ದರೆ ಶ್ವಾಸನಾಳಕ್ಕೂ ಹೋಗಿರಬಹುದು. ಸೀಳಿದ ತುಟಿಯೊಳಗೆ ಮುರಿದ ಚೂರು ಹುದುಗಿರುವುದೂ ಉಂಟು, ಹೊಲಿಗೆ ಹಾಕುವ ಮುನ್ನ ತುಟಿಯ ಎಕ್ಸ್-ರೇ ತೆಗೆಯುವುದು ಇದಕ್ಕೇ. ಮುರಿದ ಚೂರು ಸಿಕ್ಕರೆ ನೀರಿನಲ್ಲೋ ಹಾಲಿನಲ್ಲೋ ಹಾಕಿ ತನ್ನಿ. ಹಲವು ಸಲ ಅದನ್ನೇ ಮರಳಿ ಅಂಟಿಸಲು ಬರುತ್ತದೆ.

ಪ್ರಶ್ನೆ: ಅಕ್ಕನಿಗೆ ಆಟಕ್ಕೆಂದು ಮಾಡಿಸಿದ ಮೌತ್‌ಗಾರ್ಡ್ (ಹಲ್ಲಿಗೆ ಹಾಕುವ ರಕ್ಷಾಕವಚ) ಈಗ ಅವಳಿಗೆ ಬಿಗಿ. ತಂಗಿಗೆ ಕೊಡಬಹುದೇ?

ಉತ್ತರ: ಕೊಡಬಾರದು. ಅದು ಅಕ್ಕನ ಹಲ್ಲಿನ ಅಚ್ಚಿನಿಂದ ಮಾಡಿದ್ದು. ಸಡಿಲವಾದ ಮೌತ್‌ಗಾರ್ಡ್ ಪೆಟ್ಟು ಬಿದ್ದ ಕ್ಷಣದಲ್ಲೇ ಜಾರುತ್ತದೆ, ಮಗು ಅದನ್ನು ಕಚ್ಚಿಯೇ ಹಿಡಿದಿರಬೇಕಾಗುತ್ತದೆ, ಉಸಿರಾಟಕ್ಕೂ ತೊಡಕು. ಹಾಲುಹಲ್ಲು ಉದುರಿ ಹೊಸದು ಬರುತ್ತಿರುವ ವಯಸ್ಸಿನಲ್ಲಿ ಸ್ವಂತದ್ದೂ ಬೇಗ ಹೊಂದದಂತಾಗುತ್ತದೆ. ಹೊಸ ಹಲ್ಲು ಮೂಡಿದಾಗಲೆಲ್ಲ ಹಾಕಿ ನೋಡಿ. ಬಾಯಿ ತೆರೆದಾಗ ಕೆಳಗೆ ಬಿದ್ದರೆ ಬದಲಿಸಿ. ಬಿಸಿನೀರಿನಲ್ಲಿ ತೊಳೆದರೆ ಆಕಾರ ಕೆಡುತ್ತದೆ, ತಣ್ಣೀರೇ ಸಾಕು.

ಪ್ರಶ್ನೆ: ನಮ್ಮದು ಒಂದೇ ಮಗು, ಒಂಬತ್ತು ವರ್ಷ. ಒಡಹುಟ್ಟಿದವರಿಲ್ಲ, ಆದರೆ ಹಲ್ಲು ಉಬ್ಬು. ಕ್ಲಿಪ್ ಹಾಕಿಸಲು ಹನ್ನೆರಡು ತುಂಬಲಿ ಎಂದುಕೊಂಡಿದ್ದೆವು. ಕಾಯಬಹುದೇ?

ಉತ್ತರ: ಅಂದಕ್ಕಾಗಿ ಮಾತ್ರವಾದರೆ ಕಾಯಬಹುದು. ಪೆಟ್ಟಿನ ದೃಷ್ಟಿಯಿಂದ ಒಮ್ಮೆ ಈಗಲೇ ಅಳತೆ ಮಾಡಿಸಿ. ಮನೆಯಲ್ಲೇ ಅಂದಾಜು ಸಿಗುತ್ತದೆ: ಹಿಂದಿನ ಹಲ್ಲು ಕಚ್ಚಿ ಹಿಡಿಯಲು ಹೇಳಿ, ಮೇಲಿನ ಬಾಚಿಹಲ್ಲಿನ ಅಂಚಿನಿಂದ ಕೆಳಗಿನ ಬಾಚಿಹಲ್ಲಿನ ಮುಂಬದಿಯವರೆಗೆ ಸ್ಕೇಲನ್ನು ಅಡ್ಡಲಾಗಿ ಹಿಡಿದು ಅಳೆಯಿರಿ. 2ರಿಂದ 3 ಮಿ.ಮೀ. ಸಹಜ. ಅದಕ್ಕಿಂತ ತುಂಬಾ ಹೆಚ್ಚಿದ್ದರೆ, ಅದರ ಜೊತೆಗೆ ಟಿವಿ ನೋಡುವಾಗ ತುಟಿ ಮುಚ್ಚದೆ ಹಲ್ಲು ಹೊರಗೇ ಇದ್ದರೆ, ಹನ್ನೆರಡಕ್ಕೆ ಕಾಯುವುದರಲ್ಲಿ ನಷ್ಟವಿದೆ. ಶಾಶ್ವತ ಬಾಚಿಹಲ್ಲಿಗೆ ಪೆಟ್ಟು ಹೆಚ್ಚಾಗಿ ಬೀಳುವುದು ಎಂಟರಿಂದ ಹನ್ನೆರಡರ ನಡುವೆಯೇ. ಏಳರಿಂದ ಹನ್ನೊಂದರ ವಯಸ್ಸಿನಲ್ಲಿ ಮೊದಲ ಹಂತದ ಚಿಕಿತ್ಸೆ ಪಡೆದ ಉಬ್ಬುಹಲ್ಲಿನ ಮಕ್ಕಳಿಗೆ ಬಾಚಿಹಲ್ಲಿನ ಪೆಟ್ಟು ಕಡಿಮೆಯಾಯಿತು ಎಂದು ಪ್ರಯೋಗಗಳನ್ನು ಒಟ್ಟುಗೂಡಿಸಿದ ಪರಿಶೀಲನೆ ತೋರಿಸಿದೆ. ಉಳಿದ ವಿಷಯಗಳಲ್ಲಿ, ಅಂದರೆ ಕೊನೆಗೆ ಹಲ್ಲು ಎಷ್ಟು ಚೆನ್ನಾಗಿ ಕೂರುತ್ತದೆ ಎನ್ನುವುದರಲ್ಲಿ, ಬೇಗ ಆರಂಭಿಸಿದವರಿಗೂ ತಡವಾಗಿ ಆರಂಭಿಸಿದವರಿಗೂ ಹೆಚ್ಚಿನ ವ್ಯತ್ಯಾಸವಿಲ್ಲ. ಬೇಗ ಆರಂಭಿಸಿದರೆ ಎರಡು ಹಂತದ ಚಿಕಿತ್ಸೆ, ಹೆಚ್ಚು ಓಡಾಟ, ಹೆಚ್ಚು ಖರ್ಚು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಮಗುವಿಗೆ ಓಟ, ಸೈಕಲ್, ಚೆಂಡಾಟದ ಹುಚ್ಚಿದ್ದು ಅಂತರ 6 ಮಿ.ಮೀ. ದಾಟಿದ್ದರೆ ಈಗಲೇ ಆರಂಭಿಸಿ ಎನ್ನುತ್ತೇವೆ. 4 ಮಿ.ಮೀ. ಆಸುಪಾಸಿನಲ್ಲಿದ್ದು ತುಟಿ ಸಲೀಸಾಗಿ ಮುಚ್ಚುತ್ತಿದ್ದರೆ, ಆಟದ ಹೊತ್ತಿಗೆ ಅಳತೆ ಕೊಟ್ಟು ಮಾಡಿಸಿದ ಮೌತ್‌ಗಾರ್ಡ್ ಹಾಕಿಸಿ, ಕ್ಲಿಪ್ಪನ್ನು ಹನ್ನೆರಡಕ್ಕೇ ಬಿಡಬಹುದು.